ಕಿವಿ ಮುಟ್ಟಿ ಬಂದ ವಯಸ್ಸು

ನನ್ನ ಗಂಡನಿಗೆ ಇನ್ನೊಬ್ಬಳಿದ್ದಾಳೆ, ಇಡೀ ಇಂಡಿ ಊರಿಗೆ ಗೊತ್ತು. ಅವಳ ಹೆಸರು ಮಿಲಿಟರಿ!

ಲಿಂಬೆಹಣ್ಣಿನ ವ್ಯಾಪಾರಿಗೆ ಈ ಹುಚ್ಚು ಯಾಕೆಂದು ನನ್ನನ್ನು ಕೇಳಬೇಡಿ. ಅದು ಮದುವೆಗೆ ಮುಂಚಿನ ಸಂಬಂಧ. ನನ್ನ ಹುಟ್ಟುಹಬ್ಬ ಇವರಿಗೆ ನೆನಪಿರುವುದಿಲ್ಲ. ಸೇನಾ ದಿನ ಮಾತ್ರ ಮರೆಯುವುದಿಲ್ಲ, ಅವತ್ತು ಮನೆಯಲ್ಲಿ ಹೋಳಿಗೆ ಆಗಲೇಬೇಕು. ಸವತಿಯ ಹೆಸರಿನಲ್ಲಿ ಹೋಳಿಗೆ ತಟ್ಟುವ ಹೆಂಗಸು ನನ್ನ ಹೊರತು ಇನ್ನಾರಿದ್ದಾರು? ನಾನು ಉಟ್ಟ ಸೀರೆಯ ಬಣ್ಣ ಕೇಳಿದರೆ ತಡವರಿಸುವ ಮನುಷ್ಯ, ಯಾವ ರೆಜಿಮೆಂಟಿಗೆ ಯಾವ ಬಣ್ಣದ ಟೊಪ್ಪಿಗೆ ಎಂದು ನಿದ್ದೆಯಲ್ಲೂ ಹೇಳುತ್ತಾರೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ವ್ಯಾಪಾರ ಬಿಡದೆಯೂ ಟೆರಿಟೋರಿಯಲ್ ಸೇನೆ ಸೇರಬಹುದು, ನಲವತ್ತೆರಡನೇ ವಯಸ್ಸಿನವರೆಗೆ ಅವಕಾಶವಿದೆ ಎಂದು ಯಾರೋ ಪುಣ್ಯಾತ್ಮರು ಹೇಳಿದರು. ಅಂದಿನಿಂದ ಬೆಳಗಾದರೆ ಸಿಂದಗಿ ರಸ್ತೆಯಲ್ಲಿ ಓಟ. ಹೋಗುವಾಗ ಓಟ, ಬರುವಾಗ ಬಾಡಿಗೆಯ ಟಂಟಂ ಗಾಡಿ.

“ಅಲ್ರಿ, ಯುದ್ಧದಾಗೂ ಟಂಟಂ ಸಿಗ್ತೈತೇನ್ರಿ?”

“ಯುದ್ಧಕ್ಕ ಹೋದಾವ ವಾಪಸ್ ಬರೂ ಚಿಂತಿ ಮಾಡೂದಿಲ್ಲ. ನೀ ಚಾ ಇಡು.”

ಆದರೆ ಒಂದು ತೊಡಕಿತ್ತು. ಇವರ ಹುಟ್ಟೂರು ಕನ್ನೊಳ್ಳಿಯಲ್ಲಿ ಇವರನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನದ ದಾಖಲೆ ಇರಲಿಲ್ಲ. ಅಂಥವರಿಗೆ ಆಗ ಒಂದೇ ಪರೀಕ್ಷೆ: ಬಲಗೈ ನೆತ್ತಿಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿದರೆ ಆರು ವರ್ಷ. ಇವರದು ಉದ್ದ ಕೈ, ನಾಲ್ಕಕ್ಕೇ ಮುಟ್ಟಿತು. ಮಾಸ್ತರರು ಆರು ಎಂದು ಬರೆದುಬಿಟ್ಟರು. ಹೀಗಾಗಿ ಇವರಿಗೆ ನಿಜವಾಗಿ ನಲವತ್ತೊಂದು, ದಾಖಲೆಯಲ್ಲಿ ನಲವತ್ತಮೂರು. ಸವತಿಯ ಮನೆ ಬಾಗಿಲು ಮುಚ್ಚಿತೆಂದು ನಾನು ಒಳಗೊಳಗೇ ಹಿಗ್ಗಿದೆ.

ಇವರು ಬಿಡಬೇಕಲ್ಲ. “ಏನರ ರಿಯಾಯಿತಿ ಇದ್ದೇ ಇರ್ತೈತಿ” ಎಂದು ಸಿಂದಗಿಗೆ ಹೊರಟರು. ಅಲ್ಲೊಬ್ಬ ನಿವೃತ್ತ ಸುಬೇದಾರರು ಸೇನೆಗೆ ಸೇರುವವರಿಗೆ ತರಬೇತಿ ಕೊಡುತ್ತಾರೆ. ಸವತಿಯ ತವರಿನವರನ್ನು ಒಮ್ಮೆ ನೋಡಿಬರೋಣವೆಂದು ನಾನೂ ಬಸ್ ಹತ್ತಿದೆ.

“ನೋಡ್ರಿ ಸಾಹೇಬ್ರ, ತಪ್ಪು ನಂದಲ್ಲ, ಈ ಕೈದು” ಎಂದು ಇವರು ಅಲ್ಲಿಯೇ ಕೈ ಎತ್ತಿ ತೋರಿಸಿದರು. ಅದು ನೆತ್ತಿ ದಾಟಿ, ಕಿವಿ ದಾಟಿ, ಗದ್ದಕ್ಕೆ ಬಂದು ನಿಂತಿತು.

“ಕೈ ಬೇಷ್ ಐತ್ರಿ. ಆದ್ರ ಅವರು ನೋಡೂದು ಸಾಲಿ ದಾಖಲಾತಿ. ನಿಮಗ ರಿಯಾಯಿತಿ ಇಲ್ರಿ.”

“ಮತ್ತ ಯಾರಿಗೈತ್ರಿ?” ಎಂದು ಕೇಳಿದವಳು ನಾನು. ಇವರಿಗೆ ಸಿಗದ್ದು ಯಾರಿಗೆ ಸಿಕ್ಕಿದೆಯೋ ತಿಳಿಯುವ ಚಪಲ.

“ಕೆಲವು ಹುದ್ದೆಗೆ ಹೆಣ್ಮಕ್ಕಳಿಗೈತ್ರಿ ಅಕ್ಕಾರ. ಗಂಡ ಮಿಲಿಟ್ರಿಯೊಳಗ ತೀರಿಕೊಂಡಿರ್ತಾನಲ್ರಿ, ಅಂಥವರಿಗೆ.”

ಇಷ್ಟು ವರ್ಷ ಆ ಸವತಿಯ ಮೇಲೆ ಹೊಟ್ಟೆಕಿಚ್ಚುಪಟ್ಟವಳು, ಅವಳು ಹೆಂಡಂದಿರಿಗೆ ಏನು ಕೊಡುತ್ತಾಳೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ವಾಪಸ್ ಬರುವಾಗ ಇವರು ಮುಖ ಸಣ್ಣದು ಮಾಡಿಕೊಂಡು ಬಸ್ಸಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ಒರಗಿದ್ದರು. ಮುಂದೆ ಹೆಂಗಸರ ಸೀಟಿನಲ್ಲಿದ್ದ ನಾನು ಎದ್ದು ಹೋಗಿ ಇವರ ಪಕ್ಕ ನಿಂತೆ.

“ಏನಾತು?”

“ಏನಿಲ್ರಿ. ಸ್ವಲ್ಪ ಸರೀರಿ.”