ಎಡಕ್ಕೆ ಸಣ್ಣಗಾಗುವ ಸ್ವರ

ನನ್ನ ಸೋದರಮಾವನ ಕೈಗೆ ಸಿಕ್ಕ ಯಾವ ರೇಡಿಯೊವೂ ಮತ್ತೆ ವಾರ್ತೆ ಓದಿದ್ದಿಲ್ಲ. ಹಾಗೆಂದು ಮಾಮಾ ರಿಪೇರಿಯವರೇನಲ್ಲ. ಅಂಕಲಿಯಲ್ಲಿ ಕಬ್ಬು ಬೆಳೆಯುವ ರೈತರು. ಕಬ್ಬಿನವರು ಕಬ್ಬು ನೋಡಿಕೊಂಡಿರಬೇಕಲ್ಲವೇ? ಇವರು ಎಂಬತ್ತರ ದಶಕದ ಕೊನೆಯಲ್ಲಿ, ಕೊಲ್ಹಾಪುರದ ಗುಜರಿಯಿಂದ ತಂದ ರೇಡಿಯೊಗಳನ್ನು ಬಿಚ್ಚಿ, ಅದೇ ಸಾಮಾನಿನಿಂದ ಒಂದು ಸಿಂಥಸೈಜರ್ ಕಟ್ಟಿದರು. ನೋಡಲು ಹಾರ್ಮೋನಿಯಂ ಥರ, ಆದರೆ ಗಾಳಿ ಹಾಕುವ ಕೆಲಸವಿಲ್ಲ. ಕರೆಂಟಿನಿಂದಲೇ ಸ್ವರ ಹುಟ್ಟುತ್ತಿತ್ತು.

ಮೊದಲ ದಿನದ ಸ್ವರ ಕೇಳಿ ಪಕ್ಕದ ಮನೆಯ ಕಾಕಾ ಓಡಿ ಬಂದರು.

"ಎಮ್ಮಿ ಈಯಾಕತ್ತೈತೇನ್ರಿ?"

"ಇಲ್ರಿ, ಇದು ಷಡ್ಜ," ಎಂದರು ಮಾಮಾ. ಕಾಕಾ ಕೊಟ್ಟಿಗೆಯನ್ನೊಮ್ಮೆ ಇಣುಕಿ ನೋಡಿಯೇ ಹೋದರು.

ಅಲ್ಲಿಗೆ ಬಿಡಬಹುದಿತ್ತು. ಆದರೆ ಮಾಮಾರಿಗೆ ಸ್ವರ ಎಡದ ಸ್ಪೀಕರಿನಿಂದ ಬಲದ ಸ್ಪೀಕರಿಗೆ ತಾನಾಗಿಯೇ ಸರಿದು, ಮತ್ತೆ ವಾಪಸು ಬರಬೇಕಿತ್ತು. ಯಾರೂ ಗುಂಡಿ ತಿರುಗಿಸುವಂತಿಲ್ಲ. ವೋಲ್ಟೇಜು ಏರಿದರೆ ಒಂದು ಕಡೆ ಜೋರು, ಇಳಿದರೆ ಇನ್ನೊಂದು ಕಡೆ. ಅದಕ್ಕೊಂದು ಸರ್ಕಿಟ್ ಮಾಡಿದರು. ಪರೀಕ್ಷೆಗೆ ಹೆಂಡತಿಯನ್ನು, ಅಂದರೆ ನಮ್ಮ ಅತ್ತಿಯನ್ನು, ಕುರ್ಚಿಯಲ್ಲಿ ಕೂರಿಸಿ ಆಚೆ ಈಚೆ ಒಂದೊಂದು ಸ್ಪೀಕರ್ ಇಟ್ಟರು. "ಮಾಡಿದಾವನ ಕಿವಿ ಖರೇ ಹೇಳೂದಿಲ್ಲ" ಎಂಬುದು ಅವರ ಸಿದ್ಧಾಂತ.

ಅತ್ತಿ ಬೆಳ್ಳುಳ್ಳಿ ಸುಲಿಯುತ್ತಲೇ ತೀರ್ಪು ಕೊಟ್ಟರು. "ಬಲಕ್ಕ ಚೊಲೋ ಕೇಳತೈತ್ರಿ. ಎಡಕ್ಕ ಹೋದಕೂಡ್ಲೆ ಸಣ್ಣ ಆಗತೈತಿ."

ಮಾಮಾ ಟ್ರಾನ್ಸಿಸ್ಟರ್ ಬದಲಿಸಿದರು. ಎಡಕ್ಕೆ ಸಣ್ಣ. ಬೆಸುಗೆ ಬಿಚ್ಚಿ ಹೊಸದಾಗಿ ಹಾಕಿದರು. ಎಡಕ್ಕೆ ಸಣ್ಣ. ಮೀಟರ್ ಹಿಡಿದು ನೋಡಿದರೆ ಎರಡೂ ಕಡೆ ಸರಿಸಮ. "ಮೀಟರ್ ಸುಳ್ಳ ಹೇಳಾಕತ್ತೈತಿ" ಎಂದು ಮೀಟರನ್ನೂ ಬಿಚ್ಚಿದರು. ಅದರ ಆಯುಷ್ಯ ಅಲ್ಲಿಗೆ ಮುಗಿಯಿತು. ಅತ್ತ ಹೊಲದಲ್ಲಿ ನೀರಿಲ್ಲದೆ ಕಬ್ಬು ಬಾಡುತ್ತಿತ್ತು.

ಕೊನೆಗೆ ಸ್ಪೀಕರುಗಳನ್ನೇ ತಂತಿ ಸಮೇತ ಅದಲುಬದಲು ಮಾಡಿದರು. ದೋಷ ಯಂತ್ರದ್ದಾದರೆ ಈಗ ಬಲಕ್ಕೆ ಸಣ್ಣಗಾಗಬೇಕು.

"ಎಡಕ್ಕ ಸಣ್ಣ," ಎಂದರು ಅತ್ತಿ.

ಮಾಮಾ ಸ್ವಿಚ್ಚು ಆರಿಸಿ, ಕೈಗಡಿಯಾರ ಬಿಚ್ಚಿ ಅತ್ತಿಯ ಎಡಗಿವಿಗೆ ಹಿಡಿದರು.

"ಕೇಳತೈತೇನ?"

ಅತ್ತಿಯ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು. ಇಲ್ಲವೆಂದು ತಲೆಯಾಡಿಸಿದರು.

"ಯಾವಾಗಿಂದ?"

"ಸಣ್ಣ ಮಗಳು ಹುಟ್ಟಿದಾಗ ಜ್ವರಾ ಬಂದಿತ್ತಲ್ರಿ, ಆವಾಗಿಂದ."

"ಹೇಳಬಾರದಿತ್ತೇನ?"

"ಹೇಳಿದ್ನಲ್ರಿ. ನೀವು ರೇಡಿಯೋ ಬಿಚ್ಚಾಕತ್ತಿದ್ರಿ."

ಮರುದಿನವೇ ಮಿರಜಿನ ಆಸ್ಪತ್ರೆಗೆ ಹೋದೆವು; ಜೊತೆಗೆ ನಾನೂ ಇದ್ದೆ. ಬಹಳ ಹಳೆಯದು, ಇನ್ನು ಆ ಕಿವಿ ಕೇಳಿಸುವುದಿಲ್ಲ ಎಂದರು ಡಾಕ್ಟರು. ಅಂಕಲಿಯಲ್ಲಿ ಬಸ್ಸಿಳಿದಾಗ, ಯಾವಾಗಲೂ ಮುಂದೆ ಹೊರಟುಬಿಡುವ ಮಾಮಾ, ಹಿಂದಿನಿಂದ ಸುತ್ತಿ ಬಂದು ಅತ್ತಿಯ ಬಲಕ್ಕೆ ನಿಂತರು. ಮನೆ ಮುಟ್ಟುವ ತನಕ ಮೆಲ್ಲಗೆ ಏನೋ ಹೇಳುತ್ತಲೇ ನಡೆದರು. ಹಿಂದಿದ್ದ ನನಗೆ ಒಂದು ಮಾತೂ ಕೇಳಿಸಲಿಲ್ಲ. ಅತ್ತಿಗೆ ಕೇಳಿಸುತ್ತಿತ್ತು.