ಗಂಡನ ಹೆಸರಿಗೆ ಒಂದು ಅಂಕ

ಉಮಾಬಾಯಿಗೆ ಒಂದು ಅಂಕ ಕಡಿಮೆ ಬಂದದ್ದು ಸೂಗಪ್ಪನವರ ಹೆಸರಿನ ದೆಸೆಯಿಂದ. ಆಸ್ಪತ್ರೆಯ ನೆನಪಿನ ಪರೀಕ್ಷೆಯಲ್ಲಿ ಗಂಡನ ಹೆಸರು ಕೇಳಿದರೆ ಆಕೆ ತಲೆಯ ಮೇಲೆ ಸೆರಗೆಳೆದುಕೊಂಡು, “ಅವರ ಹೆಸರ ನಾ ಹ್ಯಾಂಗ ಹೇಳಲಿರಿ?” ಎಂದುಬಿಟ್ಟಿದ್ದರು. ನಲವತ್ತೊಂದು ವರ್ಷ ಬಾಯಿಗೆ ಬಾರದ ಹೆಸರು ಅದು. ಹತ್ತೊಂಬತ್ತು ಬಂತು, ಹೊಸ ಔಷಧದ ಪ್ರಯೋಗಕ್ಕೆ ಸೇರಲು ಇಪ್ಪತ್ತು ಬೇಕು.

“ಜೀನ್ ಎಲ್ಲಾ ಹಂಗಽ ಇರ್ತಾವ್ರಿ,” ಎಂದು ಕಲಬುರಗಿ ಕಡೆಯ ಡಾಕ್ಟರ್ ವರ್ಷಾ ತಿಳಿಸಿದ್ದರು. “ಯಾವುದು ತೆರೀಬೇಕು, ಯಾವುದು ಮುಚ್ಚಬೇಕು ಅನ್ನೋ ಗುರುತು ಅವುಗಳ ಮ್ಯಾಲೆ ಇರ್ತಾವ. ವಯಸ್ಸಾದಂಗ ಮಿದುಳಿನ ಜೀವಕೋಶದಾಗ ಆ ಗುರುತು ಬದಲಾಗ್ತಾವ. ಈ ಮರವಿನ ರೋಗದಾಗ ಇನ್ನೂ ಹೆಚ್ಚು. ಹೊಸ ಔಷಧ ಆ ಗುರುತು ಸರಿ ಮಾಡ್ತದೇನು ಅಂತ ನೋಡಾಕತ್ತೀವಿ.”

ಸನತ್‌ನಗರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸ್ಟೋರ್‌ಕೀಪರ್ ಆಗಿದ್ದ ಸೂಗಪ್ಪನವರಿಗೆ ಥಟ್ಟನೆ ಅರ್ಥವಾಯಿತು. “ಸಾಮಾನು ಅದಾವ, ಚೀಟಿ ಅದಲುಬದಲು ಆಗ್ಯಾವ ಅನ್ರಿ.” ಚೀಟಿ ಸರಿಹೋದರೆ ತನ್ನ ಉಮಾ ತನಗೆ ಮತ್ತೆ ಸಿಗುತ್ತಾಳೆ ಎಂಬ ಆಸೆ ಅವರ ಊಟ-ನಿದ್ದೆ ಬಿಡಿಸಿತ್ತು.

ಮರುಪರೀಕ್ಷೆ ಇವತ್ತು ನಾಲ್ಕು ಗಂಟೆಗೆ. ಬೆಳಿಗ್ಗೆಯೇ ಕೂಕಟ್‌ಪಲ್ಲಿಯ ಅವರ ಫ್ಲಾಟಿಗೆ ಎದುರುಮನೆಯ ಮಾಣಿಕಪ್ಪ, ಹೆಂಡತಿ ವಿಶಾಲಾಕ್ಷಿಯ ಜೊತೆ ಹಾಜರಾದ. ಕರೆಯದೆ ಬರುವುದರಲ್ಲಿ ಮಾಣಿಕಪ್ಪ ನೆಗಡಿಯಂಥವನು.

“ಮದುವ್ಯಾಗ ಒಡಪು ಕಟ್ಟಿ ಹೆಸರ ಹೇಳ್ತೀವಲ್ಲ, ಹಂಗ ಹೇಳಸೂಣು,” ಎಂದು ವಿಶಾಲಾಕ್ಷಿ ಶುರುಮಾಡಿದಳು. “ಹಾಲಿಗಿ ಹಾಕಿದೆ ಹೆಪ್ಪ, ಹೋಳಿಗಿಗಿ ಹಾಕಿದೆ ತುಪ್ಪ, ನನ್ನ ಗಂಡನ ಹೆಸರ…”

“ನೀವಽ ಹೇಳ್ರೆಪ್ಪ,” ಎಂದರು ಉಮಾಬಾಯಿ.

ಪ್ರಾಸಕ್ಕೆ ಪೂರ್ತಿ ಅಂಕ, ಹೆಸರಿಗೆ ಸೊನ್ನೆ.

“ಹೆಸರ ಕಿವಿಗೆ ಬೀಳಬೇಕ್ರಿ. ನೀವು ಕೆಳಗ ಹೋಗ್ರಿ, ನಾ ಬಾಲ್ಕನ್ಯಾಗ ನಿಂತು ಕರೀತೀನಿ,” ಎಂದ ಮಾಣಿಕಪ್ಪ.

ಸೂಗಪ್ಪನವರು ಇಳಿದರು. ಮಾಣಿಕಪ್ಪ “ಸೂಗಪ್ಪ, ಸೂಗಪ್ಪ” ಎಂದು ಇಪ್ಪತ್ತು ಸಲ ಕೂಗಿದ. ಕಾವಲುಗಾರ ಅದನ್ನು ಕೇಳಿ, ಮುದುಕರೊಬ್ಬರು ಕಳೆದುಹೋಗಿದ್ದಾರೆ ಎಂದು ಅಪಾರ್ಟ್‌ಮೆಂಟಿನ ವಾಟ್ಸಾಪಿಗೆ ಹಾಕಿದ. ಅದನ್ನು ಓದಿ ಗಾಬರಿಯಾದ ಮಾಣಿಕಪ್ಪನೂ ಹೆಂಡತಿಯನ್ನು ಕರೆದುಕೊಂಡು ಹುಡುಕಲು ಓಡಿದ.

ಗೇಟಿನ ಬಳಿ ಆರು ಜನ ಸೂಗಪ್ಪನವರನ್ನು ಹಿಡಿದರು. “ನಾ ಕಳಕೊಂಡಿಲ್ಲೋ ಮಾರಾಯ್ರಾ,” ಎಂದಷ್ಟೂ ಅವರಿಗೆ ಖಾತ್ರಿಯಾಗುತ್ತ ಹೋಯಿತು. ಇಂಥವರೆಲ್ಲ ಹಾಗೆಯೇ ಹೇಳುವುದಂತೆ. ಕೂಗು ಕೇಳಿಬಂದ ಮನೆಯ, ಅಂದರೆ ಸೂಗಪ್ಪನವರದೇ ಮನೆಯ, ಬಾಗಿಲು ಬಡಿದು, “ಅಮ್ಮಾ, ಇನೋ ಸೂಗಪ್ಪ, ರಸ್ತಾ ಭೂಲ್ ಗಯೇ,” ಎಂದು ಹಿಂದಿಯಲ್ಲಿ, ದಾರಿ ಮರೆತವರೆಂದು ಹೇಳಿ, ಒಪ್ಪಿಸಿ ಹೋದರು.

ಉಮಾಬಾಯಿ ಅವರನ್ನು ಕೂರಿಸಿ ಬೆಲ್ಲ-ನೀರು ಕೊಟ್ಟರು. ಆಕೆ ತಾನಾಗಿ ಒಂದು ಲೋಟ ನೀರು ಕೊಟ್ಟು ಎಷ್ಟು ತಿಂಗಳಾಗಿತ್ತೋ. ಸೂಗಪ್ಪನವರ ಕಣ್ಣು ತುಂಬಿತು.

ನಾಲ್ಕು ಗಂಟೆಗೆ ಡಾಕ್ಟರ್ ಜಾಣತನ ಮಾಡಿದರು. ಗಂಡ ಎನ್ನದೆ, ಬರಿದೆ ಬೆರಳು ತೋರಿಸಿ, “ಇವರ ಹೆಸರೇನ್ರಿ?” ಎಂದು ಕೇಳಿದರು.

“ಸೂಗಪ್ಪ.”

ಸೆರಗೆಳೆಯಲಿಲ್ಲ, ತಡವರಿಸಲಿಲ್ಲ. ಡಾಕ್ಟರ್ ಇಪ್ಪತ್ತು ಎಂದು ಬರೆದರು. ಸೂಗಪ್ಪನವರು ಸಂತೋಷಕ್ಕೆ ಎದ್ದು ನಿಂತೇಬಿಟ್ಟರು.

“ಹೋದ ಸಲ ಹೇಳಲಿಲ್ಲ, ಇವತ್ತ ಹ್ಯಾಂಗ ಹೇಳಿದ್ರಿ?” ಎಂದು ಡಾಕ್ಟರ್ ನಕ್ಕರು.

“ಗಂಡನ ಹೆಸರ ಹೇಳಬಾರದ್ರಿ. ಇವರ ಹೆಸರ ಹೇಳಾಕ ಏನಾಗೇತಿ? ಪಾಪ, ಮುಂಜಾನೆ ದಾರಿ ತಪ್ಪಿ ನಮ್ಮ ಮನಿಗೆ ಬಂದಾರ. ನಮ್ಮವರು ಡ್ಯೂಟಿಯಿಂದ ಬಂದಮ್ಯಾಲೆ ಇವರನ್ನ ಮನಿ ಮುಟ್ಟಸ್ತಾರ.”

ಡಾಕ್ಟರ್ ಇಪ್ಪತ್ತನ್ನು ಹೊಡೆದುಹಾಕಿ ಹತ್ತೊಂಬತ್ತು ಮಾಡಿದರು.

ಸೂಗಪ್ಪನವರು ಮೆಲ್ಲಗೆ ಕುಳಿತರು. “ನಿಮ್ಮವರು ಎಷ್ಟೊತ್ತಿಗೆ ಬರ್ತಾರ್ರಿ?”

“ಸಂಜಿಗೆ.”

“ಬರಲಿ,” ಎಂದರು ಸೂಗಪ್ಪ. “ನಾನೂ ಅವರ ದಾರಿನಽ ಕಾಯಾಕತ್ತೀನ್ರಿ.”