ಸೋಫಿ ದಾಟುವ ಮುಂಚೆ ನೆಟ್ಟ ಬೀನ್ಸ್

ಹೆಂಡತಿ ಗೆರ್ಲಿಂಡೆಗೆ ಗಂಡನಿಗಿಂತ ಸೋಫಿಯ ಮೇಲೆ ನಂಬಿಕೆ ಜಾಸ್ತಿ ಎಂಬುದು ಓಟ್ಮಾರ್‌ನ ಇಪ್ಪತ್ತಾರು ವರ್ಷಗಳ ಅಳಲು. ಮೇ ಹದಿನೈದು ಸಂತ ಸೋಫಿಯ ದಿನ. ಅದು ದಾಟುವ ತನಕ ಅವರ ಥುರಿಂಗಿಯಾ ಸೀಮೆಯಲ್ಲಿ ಯಾರೂ ಬೀನ್ಸ್ ಸಸಿಗೆ ಹೊರಗಿನ ಗಾಳಿ ತೋರಿಸುವುದಿಲ್ಲ. ಹೋಗುತ್ತಿರುವ ಚಳಿ ಕೊನೆಯ ಏಟು ಕೊಡುವುದು ಆ ವಾರದಲ್ಲೇ.

ಮೇ ಮೊದಲ ವಾರವೇ ಓಟ್ಮಾರ್ ತಾಳ್ಮೆಗೆಟ್ಟ. "ಇಪ್ಪತ್ನಾಲ್ಕು ಡಿಗ್ರಿ ಬಿಸಿಲು ಕಣೇ! ಕಿಟಕಿಯಲ್ಲಿ ಸಸಿಗಳು ಕೊಕ್ಕರೆ ಕಾಲಿನ ಹಾಗೆ ಉದ್ದ ಆಗಿವೆ!"

"ಏಪ್ರಿಲ್ ಕೊನೇಲಿ ಕುಂಡಕ್ಕೆ ಹಾಕಿ ಅಂದ್ರೆ ಮಾರ್ಚಲ್ಲೇ ಊರಿದ್ರಲ್ಲ, ಅನುಭವಿಸಿ! ರೀ, ಅವು ನಮ್ಮಜ್ಜಿ ಬೀಜ. ಅಮ್ಮ ಕೊಟ್ಟಿದ್ದೇ ಹದಿನೆಂಟು, ಇನ್ನೊಂದು ಕಾಳೂ ಇಲ್ಲ. ಸೋಫಿ ದಾಟ್ಲಿ."

ಹೀಗೆಂದು ಗೆರ್ಲಿಂಡೆ ಒಂದು ವಾರಕ್ಕೆ ತಂಗಿಯ ಮನೆಗೆ ಹೋದಳು. ಒಂಬತ್ತನೇ ತಾರೀಕು ಓಟ್ಮಾರ್ ಮಹಾಶಯ ಹದಿನೆಂಟನ್ನೂ ನೆಟ್ಟ. ಹನ್ನೆರಡರ ಬೆಳಗ್ಗೆ ನೋಡಿದರೆ ರಾತ್ರಿಯ ಕೊರೆಯುವ ಚಳಿಗೆ ಹದಿನೆಂಟೂ ಬೇಯಿಸಿದ ಸೊಪ್ಪಿನಂತೆ ಕಪ್ಪಾಗಿ ಮಲಗಿದ್ದವು. (ಪಕ್ಕದ ತೋಟದವರು ಟೋಪಿ ತೆಗೆದು ನಿಂತರು. ಸಂತಾಪವೋ ಕುಚೇಷ್ಟೆಯೋ, ಕೇಳುವ ಮುಖ ಅವನಿಗಿರಲಿಲ್ಲ.)

ಅವರ ಬಾಯಿಗೆ ಬೀಗ ಹಾಕಿಸಿ, ನರ್ಸರಿಯಿಂದ ಹದಿನೆಂಟು ಸಸಿ ತಂದು ಹದಿನಾರಕ್ಕೆ ನೆಟ್ಟ. ಸಂಜೆ ಬಂದ ಗೆರ್ಲಿಂಡೆ ಅವನ ಕೆನ್ನೆ ತಟ್ಟಿದಳು. "ಕೊನೆಗೂ ನನ್ನ ಮಾತು ಕೇಳಿದ್ರಲ್ಲ!" ಮದುವೆಯಾದಾಗಿನಿಂದ ಸಿಕ್ಕ ಮೊದಲ ಶಹಬ್ಬಾಸ್ ಅದು. ಬೇಸಿಗೆಯಿಡೀ ಅವಳು ಬಂದವರಿಗೆಲ್ಲ ಗಂಡನ ತಾಳ್ಮೆಯನ್ನು ವರ್ಣಿಸುತ್ತಿದ್ದರೆ ಅವನು ಕಳೆಯೇ ಇಲ್ಲದ ಮಡಿಯಲ್ಲಿ ಕಳೆ ಕೀಳುತ್ತ ತಲೆ ಬಗ್ಗಿಸಿರುತ್ತಿದ್ದ.

ಆಗಸ್ಟಿನಲ್ಲಿ ಅತ್ತೆ ವಾಲ್‌ಬುರ್ಗಾ ಬಂದರು. ಕುರಿಮಾಂಸದ ಜೊತೆ ಬೇಯಿಸಿದ ಬೀನ್ಸ್ ಬಾಯಿಗಿಟ್ಟದ್ದೇ ಅವರ ಕಣ್ಣು ತುಂಬಿತು. "ಅದೇ ರುಚಿ! ನಮ್ಮಮ್ಮನ ಬೀನ್ಸೇ!"

ಓಟ್ಮಾರ್ ಚಮಚ ಕೆಳಗಿಟ್ಟ. ಗೆರ್ಲಿಂಡೆ ಇನ್ನಷ್ಟು ಕೊಯ್ಯಲು ಹೊರಗೆ ಹೋದಾಗ ತಡೆಯಲಾರದೆ ಎಲ್ಲವನ್ನೂ ಒಪ್ಪಿಕೊಂಡ. "ನಿಮ್ಮಮ್ಮನ ಬೀಜದ ವಂಶಾನೇ ನಿರ್ನಾಮ ಮಾಡ್ಬಿಟ್ಟೆ ಅತ್ತೆ. ಇವು ಅಂಗಡಿಯವು."

ಅತ್ತೆ ಬಾಗಿಲ ಕಡೆ ನೋಡಿ ಪಿಸುಗುಟ್ಟಿದರು. "ಕೊರಗಬೇಡಿ ಅಳಿಯಂದಿರೇ. ಮೂವತ್ತು ವರ್ಷದ ಹಿಂದೆ ನಾನೂ ಸೋಫಿಗೆ ಮುಂಚೆ ನೆಟ್ಟು ಎಲ್ಲಾ ಸುಟ್ಕೊಂಡೆ. ನಿಮಗೆ ಕೊಟ್ಟಿದ್ದೂ ಅಂಗಡಿ ಬೀಜವೇ."

ಮೂರು ತಿಂಗಳಲ್ಲಿ ಮೊದಲ ಬಾರಿ ಓಟ್ಮಾರ್ ನೆಟ್ಟಗೆ ಕುಳಿತ. ಅಷ್ಟರಲ್ಲಿ ಬುಟ್ಟಿ ಹಿಡಿದ ಗೆರ್ಲಿಂಡೆ ಬಾಗಿಲಲ್ಲಿ. "ಏನಮ್ಮಾ ಅಂಗಡೀದು?"

ಅತ್ತೆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ಕೇಳೇ ಮಗಳೇ! ನಿನ್ನ ಗಂಡ ಅಜ್ಜಿ ಬೀನ್ಸನ್ನೆಲ್ಲ ಚಳಿಗೆ ಕೊಂದು ಅಂಗಡಿ ಸಸಿ ನೆಟ್ಟಿದ್ದಾರಂತೆ! ಅದಕ್ಕೇ ಮೊದಲ ತುತ್ತಿಗೇ ನನಗೆ ಗೊತ್ತಾಯ್ತು!"